ಹಾವಿಗೂ ಮೈತ್ರಿ, ಆದರೆ ದೂರದಿಂದ

ಪ್ರಶ್ನೆ: ಥಾಯ್ಲೆಂಡಿನ ಕಾಡುಮಠಗಳಲ್ಲಿ ಬೌದ್ಧ ಭಿಕ್ಷುಗಳು ಪುಟ್ಟ ಕುಟಿಗಳಲ್ಲಿ ಒಬ್ಬೊಬ್ಬರೇ ಇರುತ್ತಾರಂತೆ. ಹಾವು, ಚೇಳು ಬಂದರೆ ಏನು ಮಾಡುತ್ತಾರೆ? ಕೊಲ್ಲುವ ಹಾಗಿಲ್ಲ ಅಲ್ವಾ?

ಉತ್ತರ: ಇಲ್ಲ. ಬೇಕಂತ ಒಂದು ಇರುವೆ ಕೊಂದರೂ ವಿನಯದ, ಅಂದರೆ ಭಿಕ್ಷುಗಳ ನಿಯಮಾವಳಿಯ ಪ್ರಕಾರ ತಪ್ಪು, ಇನ್ನೊಬ್ಬ ಭಿಕ್ಷುವಿನ ಮುಂದೆ ಒಪ್ಪಿಕೊಳ್ಳಬೇಕು. ಹಾಗಂತ ಹಾವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಿ ಅಂತ ಯಾರೂ ಹೇಳಿಲ್ಲ! ಥಾಯ್ ಗುರು ಅಜಾನ್ ಚಾ 1954ರಲ್ಲಿ ಈಶಾನ್ಯ ಥಾಯ್ಲೆಂಡಿನ ಉಬೊನ್ ಕಡೆ ಶುರುಮಾಡಿದ ವಾಟ್ ಪಾ ಪೊಂಗ್ ಥರದ ಮಠಗಳಲ್ಲಿ ಕುಟಿಗಳು ಕಂಬದ ಮೇಲೆ ನಿಂತಿರುತ್ತವೆ. ಇರುವೆ ಹತ್ತದಿರಲಿ ಅಂತ ಕಂಬದ ಬುಡಕ್ಕೆ ನೀರೋ ಎಣ್ಣೆಯೋ ನಿಲ್ಲಿಸುವುದುಂಟು, ನಮ್ಮ ಅಜ್ಜಿಯರು ಬೆಲ್ಲದ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಇಡುತ್ತಿದ್ದ ಹಾಗೆ. ದಿನಾ ಉದ್ದನೆ ಪೊರಕೆ ಹಿಡಿದು ದಾರಿಯ ಎಲೆ ಗುಡಿಸುತ್ತಾರೆ. ಅದು ಸಾಧನೆ, ಸರಿ. ಆದರೆ ಗುಡಿಸಿದ ದಾರಿಯಲ್ಲಿ ರಾತ್ರಿ ಟಾರ್ಚ್ ಬಿಟ್ಟರೆ ಹಾವು ಬೇಗ ಕಾಣುತ್ತದೆ ಅನ್ನುವ ಲಾಭವೂ ಇದೆ.

ಇನ್ನೊಂದು ಉಪಾಯ ಖಂಧ ಪರಿತ್ತ. ಭಿಕ್ಷುವೊಬ್ಬ ಹಾವು ಕಚ್ಚಿ ಸತ್ತಾಗ ಬುದ್ಧ ಹೇಳಿಕೊಟ್ಟ ಪಠಣ ಇದು. ಮೊದಲು ಹಾವುಗಳ ನಾಲ್ಕು ರಾಜಕುಲಗಳಿಗೆ ಮೈತ್ರಿ, ಆಮೇಲೆ ಕಾಲಿಲ್ಲದವಕ್ಕೆ, ಎರಡು ಕಾಲಿನವಕ್ಕೆ, ನಾಲ್ಕು ಕಾಲಿನವಕ್ಕೆ, ಸಿಕ್ಕಾಪಟ್ಟೆ ಕಾಲಿನವಕ್ಕೆ. ನಂತರ ಹಾವು, ಚೇಳು, ಜರಿ, ಜೇಡ, ಹಲ್ಲಿ, ಇಲಿ ಅಂತ ಹೆಸರು ಹಿಡಿದು ಕೂಗಿ, ರಕ್ಷೆ ಆಯ್ತು, ಇನ್ನು ಎಲ್ಲರೂ ಹೊರಡಿ ಅನ್ನುತ್ತಾರೆ! ಈ ಪಟ್ಟಿಗೆ ಇಲಿ ಸೇರಿಸಿದವರು ನಿದ್ದೆಗೆಟ್ಟವರೇ ಇರಬೇಕು. ಅಷ್ಟಾದರೂ ಹೊರಡದಿದ್ದರೆ? ಮಳೆಗಾಲದ ಮೂರು ತಿಂಗಳು ಒಂದೇ ಕಡೆ ಇರಬೇಕು ಅನ್ನುವ ನಿಯಮವಿದೆ. ಆದರೆ ಕಾಡುಪ್ರಾಣಿಯ ಅಥವಾ ಹಾವಿನ ಕಾಟ ಜಾಸ್ತಿಯಾದರೆ ಗಂಟುಮೂಟೆ ಕಟ್ಟಬಹುದು, ದೋಷವಿಲ್ಲ.

ಪ್ರಶ್ನೆ: ಸೊಳ್ಳೆ ಹೊಡೆಯಬಹುದಾ?

ಉತ್ತರ: ಊಹೂಂ. ಸೊಳ್ಳೆಪರದೆಗೂ, ಸೊಳ್ಳೆ ಓಡಿಸುವ ಬೀಸಣಿಗೆಗೂ ಬುದ್ಧನೇ ಅನುಮತಿ ಕೊಟ್ಟಿದ್ದಾನೆ. ಸುಮ್ನೆ ಕಚ್ಚಿಸಿಕೊಂಡು ಕೂರಬೇಕಿಲ್ಲ.

ಪ್ರಶ್ನೆ: ಪ್ರಾಣಿಯೇ ಸನ್ಯಾಸಿಯಾದ ಕಥೆ ಇದೆಯಾ?

ಉತ್ತರ: ಇದೆ, ಭಿಕ್ಷು ನಿಯಮಗಳ ಗ್ರಂಥವಾದ ವಿನಯ ಪಿಟಕದ ಮಹಾವಗ್ಗ ಅನ್ನುವ ಭಾಗದಲ್ಲಿ. ಹಾವಿನ ಜನ್ಮ ಸಾಕಾಗಿದ್ದ ಒಂದು ನಾಗ, ಹುಡುಗನ ವೇಷ ಹಾಕಿ ದೀಕ್ಷೆ ತೆಗೆದುಕೊಂಡಿತು. ರೂಮಿಗೆ ಜೊತೆಗೊಬ್ಬ ಭಿಕ್ಷು. ಒಂದು ದಿನ ಇನ್ನೂ ಬೆಳಕು ಹರಿಯುವ ಮೊದಲೇ ಅವನು ಎದ್ದು ಹೊರಗೆ ಅಡ್ಡಾಡಲು ಹೋದ. ಸದ್ಯ, ಯಾರೂ ಇಲ್ಲ ಅಂತ ನಾಗ ನಿರಾಳವಾಗಿ ನಿದ್ದೆ ಹೋಯಿತು. ನಿದ್ದೆಯಲ್ಲಿ ವೇಷ ಉಳಿಯುವುದಿಲ್ಲ ನೋಡಿ, ರೂಮು ತುಂಬ ಹಾವು, ಸುರುಳಿಗಳು ಕಿಟಕಿಯಿಂದ ಆಚೆ! ಭಿಕ್ಷು ವಾಪಸು ಬಂದು ಬಾಗಿಲು ತೆಗೆದು ಕಿರುಚಿದ ಕಿರುಚಿಗೆ ಮಠವೇ ಓಡಿಬಂತು. ಬರುವಷ್ಟರಲ್ಲಿ ನಾಗ ಎದ್ದು, ಕಾವಿ ಉಟ್ಟು, ಏನೂ ಆಗದವರ ಹಾಗೆ ತನ್ನ ಜಾಗದಲ್ಲಿ ಕೂತಿತ್ತು. ಬುದ್ಧ ಗದರಲಿಲ್ಲ. ಸಂಘದಲ್ಲಿ ಇರಲಾಗದು, ಉಪೋಸಥ (ಹುಣ್ಣಿಮೆ, ಅಮಾವಾಸ್ಯೆಯಂಥ ದಿನಗಳ ವ್ರತ) ಮಾಡು, ಬೇಗ ಮನುಷ್ಯ ಜನ್ಮ ಸಿಗುತ್ತದೆ ಅಂದ. ನಾಗ ಅಳುತ್ತಾ ಹೋಯಿತು.

ಇವತ್ತಿಗೂ ಥೇರವಾದ (ಥಾಯ್ಲೆಂಡ್, ಶ್ರೀಲಂಕಾ ಕಡೆಯ ಬೌದ್ಧ ಪಂಥ) ದೀಕ್ಷೆಯಲ್ಲಿ ಕುಷ್ಠ ಇದೆಯಾ, ಸಾಲ ಇದೆಯಾ ಅನ್ನುವ ಪ್ರಶ್ನೆಗಳ ನಡುವೆ, ಮುಖದಲ್ಲಿ ಚೂರೂ ನಗು ಇಲ್ಲದೆ, ನೀನು ಮನುಷ್ಯನಾ ಅಂತ ಕೇಳುತ್ತಾರೆ. ಹೌದು ಭಂತೆ (ಸ್ವಾಮಿ) ಅನ್ನಬೇಕು.