ಕೇಳುವುದೂ ಒಂದು ಕಸುಬು

ಹಾವೇರಿ ಜಿಲ್ಲೆಯ ಓದುಗಿಯೊಬ್ಬರು, ಹೆಸರು ಹಾಕಬೇಡಿ ಎಂಬ ಷರತ್ತಿನೊಂದಿಗೆ ಬರೆದಿದ್ದಾರೆ: ‘ಜಿಂಬಾಬ್ವೆಯಲ್ಲಿ ಅಜ್ಜಿಯರು ಬೆಂಚಿನ ಮೇಲೆ ಕೂತು ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡುತ್ತಾರಂತೆ. ನಮ್ಮ ಸ್ತ್ರೀಶಕ್ತಿ ಸಂಘದಲ್ಲೂ ನಾಲ್ಕು ಜನ ಹಿರಿಯರಿದ್ದಾರೆ. ನಾವೂ ಶುರು ಮಾಡಬಹುದೇ?’

ಅಕ್ಕಾವ್ರೇ, ಮಾಡಬಹುದು. ಆದರೆ ಬೆಂಚು ಹಾಕುವುದು ಕೊನೆಯ ಕೆಲಸ.

2006ರಲ್ಲಿ ಹರಾರೆಯ ಎಂಬಾರೆ ಬಡಾವಣೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಇದನ್ನು ಆರಂಭಿಸಿದಾಗ ಕ್ಲಿನಿಕ್ಕಿನಲ್ಲಿ ಖಾಲಿ ಕೋಣೆ ಇರಲಿಲ್ಲ, ನರ್ಸುಗಳಿಗೆ ಬಿಡುವಿರಲಿಲ್ಲ. ಸಿಕ್ಕಿದ್ದು ಹೊರಗಿನ ಅಂಗಳ ಮತ್ತು 14 ಅಜ್ಜಿಯರು. ಅವರೂ ದಾರಿಯಲ್ಲಿ ಹೋಗುವವರಲ್ಲ, ಆಗಲೇ ಸಮುದಾಯ ಆರೋಗ್ಯ ಕಾರ್ಯಕರ್ತೆಯರಾಗಿದ್ದವರು. ನಮ್ಮ ಆಶಾ ಕಾರ್ಯಕರ್ತೆಯರಂತೆ ಅನ್ನಿ. ‘ಮಾನಸಿಕ ಆರೋಗ್ಯದ ಬೆಂಚು’ ಎಂದು ಹೆಸರಿಟ್ಟರೆ ಯಾರೂ ಹತ್ತಿರ ಸುಳಿಯುವುದಿಲ್ಲ ಎಂದು ‘ಗೆಳೆತನದ ಬೆಂಚು’ ಮಾಡಿಸಿದ್ದು ಅವರೇ. ‘ಖಿನ್ನತೆ’ಯ ಬದಲು ಶೋನಾ ಭಾಷೆಯ ‘ಕುಫುಂಗಿಸಿಸಾ’ ಬಂತು: ಅತಿಯಾಗಿ ಯೋಚಿಸುವುದು. ‘ಭಾಳ ಮನಸ್ಸಿಗೆ ಹಚ್ಚಿಕೊಂಡಾಳ’ ಅಂತೀರಲ್ಲ, ಹೆಚ್ಚುಕಡಿಮೆ ಅದೇ.

ಬಂದವರಿಗೆ ಮೊದಲು 14 ಪ್ರಶ್ನೆ, ಕಳೆದ ಒಂದು ವಾರದ ಬಗ್ಗೆ ಮಾತ್ರ. ಕೆಟ್ಟ ಕನಸು ಬಿತ್ತೇ, ಸಣ್ಣದಕ್ಕೂ ಸಿಟ್ಟು ಬಂತೇ, ಹೊಟ್ಟೆ ನೋಯಿತೇ, ಕೆಲಸ ಹಿಂದೆ ಬಿತ್ತೇ, ಸಾಯಬೇಕು ಅನ್ನಿಸಿತೇ. ಉತ್ತರ ಹೌದು ಅಥವಾ ಇಲ್ಲ. ಹೊಟ್ಟೆನೋವು ಪಟ್ಟಿಯಲ್ಲಿರುವುದು ಆ ಜನರ ಮಾತಿನಿಂದಲೇ ಪ್ರಶ್ನೆಗಳನ್ನು ಆರಿಸಿದ್ದರಿಂದ. ನಮ್ಮವರ ದುಃಖ ತಲೆಭಾರವಾಗಿ, ಕೈಕಾಲು ಸೆಳೆತವಾಗಿ ಬರುತ್ತದೆ. ಹಾಗೆಂದು ನೀವೇ ಪ್ರಶ್ನೆ ಬರೆದು ಅಂಕ ಹಾಕಲು ಹೋಗಬೇಡಿ, ಅದನ್ನು ಪರೀಕ್ಷಿಸಿ ನೋಡುವುದು ತಜ್ಞರ ಕೆಲಸ.

ಆಮೇಲೆ ಮೂರು ಹಂತ: ಮನಸ್ಸು ತೆರೆಯುವುದು, ಮೇಲೆತ್ತುವುದು, ಗಟ್ಟಿ ಮಾಡುವುದು. ಬಂದವಳು ತನ್ನ ಕಷ್ಟಗಳನ್ನೆಲ್ಲ ಹೇಳುತ್ತಾಳೆ. ಗಂಡನ ಕುಡಿತ, ಸಂಘದ ಸಾಲ, ಮಗಳ ಫೀಸು. ಅದರಲ್ಲಿ ಒಂದನ್ನು ಮಾತ್ರ, ಅವಳೇ, ಆರಿಸಬೇಕು. ಸಾಲ ಅಂದಳು ಅನ್ನಿ. ‘ಸಾಲ ತೀರಿಸ್ತೀನಿ’ ಅನ್ನುವುದು ಯೋಜನೆಯಲ್ಲ. ‘ಸೋಮವಾರ ಹತ್ತು ಗಂಟೆಗೆ ಬ್ಯಾಂಕಿಗೆ ಹೋಗಿ ಎಷ್ಟು ಕಂತು ಬಾಕಿ ಅಂತ ಕೇಳ್ತೀನಿ’ ಅನ್ನುವುದು ಯೋಜನೆ. ಮುಂದಿನ ವಾರ ಅದೇ ವಿಚಾರಣೆ: ಹೋದೆಯಾ, ಎಲ್ಲಿ ತಡೆಯಿತು? ಮೊದಲ ಭೇಟಿಗೆ ಸುಮಾರು ಒಂದು ಗಂಟೆ, ಉಳಿದವಕ್ಕೆ ಕಡಿಮೆ, ಒಟ್ಟು ಆರು.

ಕೆಡುವುದು ಎಲ್ಲಿ ಗೊತ್ತೇ? ಉಪದೇಶದಲ್ಲಿ. ‘ಎಲ್ಲರ ಮನೆ ದೋಸೆನೂ ತೂತೇ, ಸೈರಿಸ್ಕೋ ತಾಯಿ’ ಅಂದ ಕೂಡಲೇ ಅವಳ ಬಾಯಿ ಮುಚ್ಚಿತು. ವಯಸ್ಸಾದಷ್ಟೂ ಈ ಚಟ ಜಾಸ್ತಿ, ತರಬೇತಿಯ ಬಹುಪಾಲು ಇದನ್ನು ಬಿಡಿಸುವುದಕ್ಕೇ ಬೇಕು. ನಿಮ್ಮಲ್ಲಿ ಇನ್ನೊಂದು ತೊಡಕಿದೆ. ಸಂಘದಲ್ಲಿ ಕಷ್ಟ ಕೇಳುವವಳೇ ನಾಳೆ ಸಾಲ ವಸೂಲಿಗೂ ಕೂರುತ್ತಾಳೆ. ಅವಳೆದುರು ಯಾರು ನಿಜ ಹೇಳಿಯಾರು? ಲೆಕ್ಕಪತ್ರ ನೋಡುವವರನ್ನು ಈ ಕೆಲಸಕ್ಕೆ ಹಾಕಲೇಬೇಡಿ.

ಫಲವೇನೋ ದೊಡ್ಡದೇ. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 24 ಕ್ಲಿನಿಕ್ಕುಗಳ 573 ಜನರಿದ್ದರು. ಆರು ತಿಂಗಳ ಬಳಿಕ, ಬೆಂಚಿಗೆ ಬಂದವರಲ್ಲಿ ಸುಮಾರು ಶೇ. 14 ಮಂದಿಗೆ ಖಿನ್ನತೆಯ ಲಕ್ಷಣವಿದ್ದರೆ, ಬೆಂಚಿಲ್ಲದೆ ಮಾಮೂಲಿ ಆರೈಕೆ ಪಡೆದವರಲ್ಲಿ ಅದು ಶೇ. 50. ಆದರೆ ಆತ್ಮಹತ್ಯೆಗೆ ಮನಸ್ಸು ಮಾಡಿದ್ದವರನ್ನು, ಚಿತ್ತವಿಕಲತೆ ಇದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ. ಪತ್ರಿಕೆಗಳು ಈ ಮಾತನ್ನು ಬಿಟ್ಟೇ ಬರೆಯುತ್ತವೆ.

ಆದ್ದರಿಂದ ಯಾರಾದರೂ ಸಾಯುವ ಮಾತಾಡಿದರೆ, ಯಾರೋ ಕಿವಿಯಲ್ಲಿ ಮಾತಾಡುತ್ತಾರೆ ಅಂದರೆ, ದಿನಗಟ್ಟಲೆ ಊಟ ನಿದ್ದೆ ಬಿಟ್ಟಿದ್ದರೆ, ಅದು ಬೆಂಚಿನ ಕೆಲಸವಲ್ಲ. ಒಂಟಿಯಾಗಿ ಬಿಡಬೇಡಿ, ಹೊಲಕ್ಕೆ ಹೊಡೆಯುವ ಔಷಧಿಯನ್ನು ಮನೆಯಿಂದ ಆಚೆ ಸಾಗಿಸಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಊರಿನ ಆರೋಗ್ಯ ಕಾರ್ಯಕರ್ತರಿಂದಲೇ ಮನೋರೋಗ ಗುರುತಿಸುವುದನ್ನು 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಮಾಡಿ ತೋರಿಸಿದ್ದರು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನಿಮ್ಮ ಜಿಲ್ಲೆಯ ಆ ತಂಡಕ್ಕೆ ಮೊದಲು ಅರ್ಜಿ ಬರೆಯಿರಿ. ಎರಡೇ ಕೇಳಿ: ನಮ್ಮ ನಾಲ್ವರಿಗೆ ತರಬೇತಿ ಕೊಡುವವರು ಯಾರು, ವಾರಕ್ಕೊಮ್ಮೆ ನಮ್ಮ ಕೆಲಸ ನೋಡಿ ತಿದ್ದುವವರು ಯಾರು? ಎರಡನೆಯದಕ್ಕೆ ಉತ್ತರ ಬರುವ ತನಕ ಬಡಗಿಗೆ ಮುಂಗಡ ಕೊಡಬೇಡಿ.

– ಸಂ.