ಗಂಟು ಸಿಕ್ಕ ಮೇಲೆ ಶಿಬಿರಕ್ಕೆ ಕಾಯಬೇಡಿ

ಪ್ರಶ್ನೆ: ಡಾಕ್ಟ್ರೇ, ನನಗೆ 47 ವರ್ಷ. ಸ್ನಾನ ಮಾಡುವಾಗ ಎಡ ಎದೆಯಲ್ಲಿ ಅಡಿಕೆ ಗಾತ್ರದ ಗಂಟು ಕೈಗೆ ಸಿಕ್ಕಿತು. ನೋವಿಲ್ಲ. ನಮ್ಮ ಮನೆತನದಲ್ಲಿ ಯಾರಿಗೂ ಕ್ಯಾನ್ಸರ್ ಬಂದಿಲ್ಲ. ಮುಂದಿನ ತಿಂಗಳು ಊರಲ್ಲಿ ಉಚಿತ ತಪಾಸಣೆ ಶಿಬಿರ ಇದೆ, ಅಲ್ಲಿ ತೋರಿಸಿದರೆ ಸಾಕಾ? ಸೂಜಿ ಚುಚ್ಚಿಸಿಕೊಂಡರೆ ಮೈಯೆಲ್ಲಾ ಹರಡುತ್ತೆ ಅಂತ ಅತ್ತಿಗೆ ಹೆದರಿಸಿದ್ದಾರೆ. ಮಗಳ ಮದುವೆ ಬೇರೆ ಹತ್ತಿರ ಬಂತು.
– ಹೆಸರು ಬೇಡ, ತಿಪಟೂರು

ಉತ್ತರ: ಮೊದಲು ಶಿಬಿರದ ಮಾತು. ಸ್ಕ್ರೀನಿಂಗ್ ಮಾಡೋದು ಏನೂ ತೊಂದರೆ ಕಾಣದ ಹೆಂಗಸರಿಗೆ, ಅಡಗಿರುವುದನ್ನು ಬೇಗ ಹುಡುಕಲು. ನಿಮಗೆ ಗಂಟು ಆಗಲೇ ಸಿಕ್ಕಿದೆಯಲ್ಲ, ಇನ್ನೊಂದು ತಿಂಗಳು ಯಾಕೆ ಕಾಯಬೇಕು? ಈ ವಾರವೇ ಜಿಲ್ಲಾ ಆಸ್ಪತ್ರೆಯ ಸರ್ಜನ್‌ಗೆ ತೋರಿಸಿ. ಶಿಬಿರಕ್ಕೆ ನಿಮ್ಮ ಅತ್ತಿಗೆಯನ್ನು ಕಳಿಸಿ!

ತಮಾಷೆಗೆ ಹೇಳುತ್ತಿಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿ ಒಂದು ಅಧ್ಯಯನ ಶುರು ಮಾಡಿದರು. ಅವರಲ್ಲಿ ಅರ್ಧ ಜನಕ್ಕೆ ಎರಡು ವರ್ಷಕ್ಕೊಮ್ಮೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಬರೀ ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿದರು. 2021ರಲ್ಲಿ ಫಲಿತಾಂಶ ಬಂತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ಕಡಿಮೆಯಾಗಿತ್ತು. ದೊಡ್ಡ ಮೆಷಿನ್ ಇಲ್ಲದೆ!

ನೋವಿಲ್ಲ ಅಂತ ನೀವು ಸಮಾಧಾನ ಮಾಡಿಕೊಂಡಂತಿದೆ. ನನ್ನ ಓಪಿಡಿಯಲ್ಲಿ ದಿನಾ ಕೇಳುವ ಮಾತಿದು. ಎದೆ ನೋಯುತ್ತೆ ಅಂತ ಓಡಿ ಬರುವವರಲ್ಲಿ ಹೆಚ್ಚಿನವರಿಗೆ ಮುಟ್ಟಿನ ಸಮಯದ ಏರುಪೇರು ಅಷ್ಟೇ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಮನೆತನದ ವಿಷಯವೂ ಹಾಗೇ. ಈ ಕಾಯಿಲೆ ಬಂದವರಲ್ಲಿ ಬಹಳಷ್ಟು ಜನರ ಮನೆಯಲ್ಲಿ ಹಿಂದೆ ಯಾರಿಗೂ ಇರಲಿಲ್ಲ. ಹಾಗಂತ ಗಾಬರಿ ಬೇಡ, ಎದೆಯ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಆದರೆ ಮುಟ್ಟಿದ ಮಾತ್ರಕ್ಕೆ ನಾನೂ ಖಚಿತವಾಗಿ ಹೇಳಲಾರೆ.

ಸರ್ಜನ್ ಎರಡೂ ಕಡೆ, ಕಂಕುಳಲ್ಲೂ ಮುಟ್ಟಿ ನೋಡುತ್ತಾರೆ. ಆಮೇಲೆ ಮ್ಯಾಮೊಗ್ರಾಂ, ಬೇಕಿದ್ದರೆ ಸ್ಕ್ಯಾನಿಂಗ್. ಮ್ಯಾಮೊಗ್ರಾಂನಲ್ಲಿ ಎರಡು ಪ್ಲೇಟ್ ನಡುವೆ ಒತ್ತಿ ಎಕ್ಸ್‌ರೇ ತೆಗೆಯುತ್ತಾರೆ. ಕೆಲವು ಸೆಕೆಂಡ್ ನೋಯುತ್ತೆ, ಸುಳ್ಳು ಹೇಳಲ್ಲ. ಆ ದಿನ ಕಂಕುಳಿಗೆ ಪೌಡರ್ ಹಾಕಿಕೊಳ್ಳಬೇಡಿ, ಚಿತ್ರದಲ್ಲಿ ಅದೇ ಬಿಳಿ ಚುಕ್ಕೆಗಳಾಗಿ ಕಂಡು ಗೊಂದಲವಾಗಬಹುದು.

ಅನುಮಾನವಿದ್ದರೆ ಸೂಜಿ ಪರೀಕ್ಷೆ, ಅಂದರೆ ಬಯಾಪ್ಸಿ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ದಪ್ಪ ಸೂಜಿಯಿಂದ ಗಂಟಿನ ತೆಳ್ಳನೆಯ ತುಣುಕುಗಳನ್ನು ತೆಗೆಯುತ್ತಾರೆ. ಟಕ್ ಅಂತ ಸದ್ದಾಗುತ್ತೆ, ಬೆಚ್ಚಬೇಡಿ. ಅವತ್ತೇ ಮನೆಗೆ ಹೋಗಬಹುದು. ಇದರಿಂದ ಕ್ಯಾನ್ಸರ್ ಮೈಯೆಲ್ಲಾ ಹರಡುತ್ತೆ ಅನ್ನೋದು ಸುಳ್ಳು. ನನಗೆ ಭಯವಿರೋದು ಬೇರೆಯದರ ಬಗ್ಗೆ: ಸೂಜಿ ಪರೀಕ್ಷೆ ಮಾಡದೆ, 'ಸಣ್ಣ ಗಂಟು, ಕತ್ತರಿಸಿ ಹಾಕೋಣ' ಅನ್ನುವವರು. ಆಮೇಲೆ ಅದು ಕ್ಯಾನ್ಸರ್ ಅಂತ ಗೊತ್ತಾದರೆ ಮುಂದಿನ ಚಿಕಿತ್ಸೆ ಕಗ್ಗಂಟಾಗುತ್ತೆ. ಯಾರಾದರೂ ಹಾಗಂದರೆ, ಮೊದಲು ಬಯಾಪ್ಸಿ ಮಾಡಿ ಅಂತ ಧೈರ್ಯವಾಗಿ ಕೇಳಿ.

ಇನ್ನು ಮದುವೆ. ಪರೀಕ್ಷೆಗಳಿಗೆ ಮದುವೆ ಅಡ್ಡ ಬರಲ್ಲ. ಚಿಕಿತ್ಸೆ ಬೇಕಾದರೆ ಮುಹೂರ್ತದ ದಿನವನ್ನು ಡಾಕ್ಟರಿಗೆ ಮೊದಲೇ ಹೇಳಿ, ಆದಷ್ಟು ಹೊಂದಿಸಿಕೊಳ್ಳುತ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿದರೆ ಆಧಾರ್, ಬಿಪಿಎಲ್ ಕಾರ್ಡ್ ಜೊತೆಗಿರಲಿ. ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ಚೀಟಿಯನ್ನೂ ತೆಗೆದುಕೊಂಡು ಹೋಗಿ.