ಬ್ಯಾಟ್ರಿ (ಟಾರ್ಚ್) ಮೇಲಿನ ಬಣ್ಣ ಸಿಪ್ಪೆ ಏಳೋದಕ್ಕೆ

ಅಣ್ಣ, ಫೋಟೋ ನೋಡಿದೆ. ಅಲ್ಯೂಮಿನಿಯಂ ಬ್ಯಾಟ್ರಿಗೆ ಕೆಮ್ಮಣ್ಣಿನ ಬಣ್ಣ ಹೊಡೆದು ಅದ್ರ ಮೇಲೆ ಬಿಳಿ ಗೆರೇಲಿ ಮಲೆನಾಡಿನ ಮನೆ ಗೋಡೆ ಮೇಲೆ ಬರೆಯೋ ಹಸೆ ಚಿತ್ತಾರ, ಎಷ್ಟು ಚಂದ ಇತ್ತು, ಎರಡೇ ತಿಂಗಳಿಗೆ ಹಿಂಗೆ ಸಿಪ್ಪೆ ಎದ್ದೋಯ್ತು ಅಂದ್ರೆ ಹೊಟ್ಟೆ ಉರಿಯುತ್ತೆ. ಯಾವ ಕಂಪನಿ ಬಣ್ಣ ತಗೊಳ್ಲಿ ಅಂತ ಕೇಳಿದೀರಿ, ಬಣ್ಣದ್ದು ತಪ್ಪಿಲ್ಲ ಮಾರಾಯ್ರೆ. ಹಾಳೆ ಹಾಳೆಯಾಗಿ ಎದ್ದಿದೆ ಅಂದ್ರೆ ಅದು ಲೋಹಾನ ಹಿಡ್ಕೊಂಡೇ ಇರ್ಲಿಲ್ಲ.

ನೀವು ಬಣ್ಣದ ಅಡಿಗೆ ಹಾಕಿದ ರೆಡ್ ಆಕ್ಸೈಡ್ ಪ್ರೈಮರ್ ಕಬ್ಬಿಣದ ಗೇಟಿಗೆ ಸರಿ. ಅಲ್ಯೂಮಿನಿಯಂಗೆ ಎಚ್ (etch) ಪ್ರೈಮರ್ ಬೇಕು, ಅದ್ರಲ್ಲಿ ಫಾಸ್ಫಾರಿಕ್ ಆಸಿಡ್ ಇರುತ್ತೆ, ಲೋಹಾನ ಸ್ವಲ್ಪ ಕಚ್ಚಿ ಕೂರುತ್ತೆ. ಶಿವಮೊಗ್ಗದಲ್ಲಿ ಗಾಡಿ ಪೇಂಟ್ ಮಿಕ್ಸ್ ಮಾಡಿಕೊಡೋ ಅಂಗಡೀಲಿ ಕೇಳಿ, ಮನೆ ಪೇಂಟ್ ಮಾರೋರ ಹತ್ರ ಹೋದ್ರೆ ಮತ್ತೆ ರೆಡ್ ಆಕ್ಸೈಡನ್ನೇ ಕಟ್ಟಿ ಕಳಿಸ್ತಾರೆ.

ಮೊದಲು ಎಲ್ಲ ಬಿಚ್ಚಿ. ಶೆಲ್ಲು, ಗಾಜು, ಸ್ವಿಚ್ಚು, ರಬ್ಬರ್ ರಿಂಗು, ಒಳಗಿನ ಎಲ್‌ಇಡಿ, ಏನೂ ಉಳಿಸ್ಬೇಡಿ. ಹಳೇ ಬಣ್ಣ ತೆಗೆದು 320 ನಂಬರ್ ವಾಟರ್ ಪೇಪರ್, ಆಮೇಲೆ 400ರಲ್ಲಿ ಉಜ್ಜಿ. ಕಂಪನಿ ಮಾಡಿದ ಆನೊಡೈಸಿಂಗ್, ಅಂದ್ರೆ ಲೋಹದ ಮೇಲಿನ ಆಕ್ಸೈಡ್ ಪದರ, ಕೆಳಗೆ ಗಟ್ಟಿ ಇದ್ರೆ ಅದನ್ನ ಪೂರ್ತಿ ಕೆರೀಬೇಡಿ, ಹೊಳಪು ಹೋಗೋಷ್ಟು ಉಜ್ಜಿದ್ರೆ ಸಾಕು. ಪಾತ್ರೆ ಸೋಪಲ್ಲಿ ತೊಳೀರಿ, ವಾಷಿಂಗ್ ಸೋಡಾ ಬೇಡ, ಅಲ್ಯೂಮಿನಿಯಂ ಕಪ್ಪಾಗುತ್ತೆ. ತೊಳೆದ್ಮೇಲೆ ನೀರು ಒಂದೇ ತೆರೆಯಾಗಿ ನಿಲ್ಬೇಕು, ಕೆಸುವಿನ ಎಲೆ ಮೇಲಿನ ಹಂಗೆ ಹನಿ ಹನಿಯಾದ್ರೆ ಜಿಡ್ಡು ಇನ್ನೂ ಇದೆ ಅಂತ, ಮತ್ತೆ ತೊಳೀರಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಲ್ಲಿ ಒರೆಸಿ, ಅಲ್ಲಿಂದ ಮುಂದೆ ಬರಿಗೈಲಿ ಮುಟ್ಟೋ ಹಂಗಿಲ್ಲ. ಹತ್ತು ನಿಮಿಷದ ಬಣ್ಣಕ್ಕೆ ಅರ್ಧ ದಿನ ತೊಳೆಯೋದು ಅಂತ ನಮ್ಮನೇಲಿ ನಗ್ತಾರೆ, ನಗ್ಲಿ.

ಒಂದು ಮಾತು, ತುಂಬ ಬ್ಯಾಟ್ರಿಗಳಲ್ಲಿ ಮೈಯಲ್ಲೇ ಕರೆಂಟ್ ಹರಿಯುತ್ತೆ. ನಾನು ಮೊದಲ ಸಲ ಹಿಂದಿನ ಮುಚ್ಚಳ ಕೂರೋ ಅಂಚಿಗೂ ಚೆನ್ನಾಗಿ ಬಣ್ಣ ಬಳಿದು, ಜೋಡಿಸಿದ್ರೆ ಹತ್ತಲೇ ಇಲ್ಲ, ಎಲ್‌ಇಡಿ ಸತ್ತೋಯ್ತು ಅಂತ ಹೊಸದು ತರಿಸಿ ಹಾಕಿದ್ಮೇಲೆ, ಬಣ್ಣವೇ ಕರೆಂಟ್ ತಡೀತಿದೆ ಅಂತ ಬುದ್ಧಿ ಬಂತು. ಹಂಗಾಗಿ ಮುಚ್ಚಳ ತಿರುಗಿಸೋ ಕಡೆ, ಅಂದ್ರೆ ಥ್ರೆಡ್‌ಗೆ ಮತ್ತೆ ಆ ಅಂಚಿಗೆ ಮಾಸ್ಕಿಂಗ್ ಟೇಪ್ ಸುತ್ತಿ. ತಲೆ ಹತ್ರ ಬಿಸಿ ಬಿಡೋ ಗೀರುಗಳಿಗೂ ದಪ್ಪ ಬಣ್ಣ ಬೇಡ.

ಎಚ್ ಪ್ರೈಮರ್ ತೆಳ್ಳಗೆ, ಕೆಳಗಿನ ಲೋಹ ಮಸುಕಾಗಿ ಕಾಣೋಷ್ಟು ಸಾಕು. ಬಣ್ಣ ಎರಡು ಮೂರು ತೆಳು ಕೋಟ್. ಚಿತ್ತಾರಕ್ಕೆ ಪುಂಡಿ ನಾರಿನ ಕಡ್ಡಿ, ಅಕ್ಕಿ ಹಿಟ್ಟು ಗೋಡೆಗೇ ಇರ್ಲಿ, ಇಲ್ಲಿ ನೀರಿನ ಅಕ್ರಿಲಿಕ್ ಪೆನ್ನು ತಗೊಳ್ಳಿ. ಸ್ಪಿರಿಟ್ ಮಾರ್ಕರ್ ಆದ್ರೆ ಮೇಲೆ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಕೋಟ್) ಬಿದ್ದ ಕೂಡ್ಲೇ ಗೆರೆ ಹರಡುತ್ತೆ. ಒಂದು ದಿನ ಒಣಗಿಸಿ ಮೊದಲ ಕ್ಲಿಯರ್ ಬರೀ ಇಬ್ಬನಿ ಹಂಗೆ ಬೀಳ್ಬೇಕು, ಆಮೇಲೆ ತುಂಬಿ ಹೊಡೆಯೋದು.

ಬಾಳಿಕೆ ಬರೋದು ಈ ಕ್ಲಿಯರಿಂದ, ಸಾದಾ ಡಬ್ಬಿ ಲ್ಯಾಕರ್ ಸಾಲಲ್ಲ, ಹಾರ್ಡ್‌ನರ್ ಬೆರೆಸಿ ಗಟ್ಟಿ ಮಾಡೋ ಟೂಕೆ (2K) ಕ್ಲಿಯರ್ ಬೇಕು. ಸಾದಾ ಬಣ್ಣ ಡೀಟ್ (DEET) ಅನ್ನೋ ರಾಸಾಯನಿಕ ಇರೋ ಸೊಳ್ಳೆ ಕ್ರೀಮಿನ ಕೈ ತಾಗಿದ್ರೂ ಅಂಟಂಟಾಗುತ್ತೆ. ಆದ್ರೆ ಹಾರ್ಡ್‌ನರಲ್ಲಿ ಐಸೊಸೈನೇಟ್ ಇದೆ, ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆ ಮಾಸ್ಕ್ ಏನೂ ತಡೆಯಲ್ಲ. ಮನೇಲಿ ಹೊಡೀಲೇಬೇಡಿ. ಕಾರ್ ಪೇಂಟ್ ಮಾಡೋರ ಹತ್ರ ಹೋಗಿ, ಯಾವ್ದಾದ್ರೂ ಗಾಡಿಗೆ ಕ್ಲಿಯರ್ ಹೊಡೆಯೋ ದಿನ ಇದನ್ನೂ ತಂತಿಗೆ ನೇತುಹಾಕಿ ಒಂದು ಕೈ ಹೊಡೆದುಕೊಡಿ ಅಂದ್ರೆ ಚಾ ಕಾಸಿಗೆ ಆಗುತ್ತೆ. ಮುಟ್ಟೋಕೆ ಅವತ್ತೇ ಒಣಗಿರುತ್ತೆ, ಪೂರ್ತಿ ಗಟ್ಟಿಯಾಗೋಕೆ ಒಂದು ವಾರ ಬಿಡಿ.

ಚಿತ್ತಾರ ಬೇಡ, ಒಂದೇ ಬಣ್ಣ ಸಾಕು ಅನ್ನೋರಿಗೆ ಪೌಡರ್ ಕೋಟಿಂಗೇ ಗಟ್ಟಿ. ಬಣ್ಣದ ಪುಡಿ ಹಿಡಿಸಿ 180ರಿಂದ 200 ಡಿಗ್ರೀಲಿ ಬೇಯಿಸ್ತಾರೆ, ಬರೀ ಮೈ ಮಾತ್ರ ಕೊಡಿ. ಪದರ ದಪ್ಪ ಇರೋದ್ರಿಂದ ಥ್ರೆಡ್ ಮುಚ್ಚದಿದ್ರೆ ಮುಚ್ಚಳ ತಿರುಗಲ್ಲ.

ಈಗ ಆರಿದ್ರೆ ಮಳೆ ಹಿಡಿದಿದೆ, ಗಾಳೀಲಿ ತೇವ 85 ಪರ್ಸೆಂಟ್ ದಾಟಿರೋವಾಗ ಬಣ್ಣ ಹೊಡೆದ್ರೆ ಬಿಳಿ ಮಂಜು ಕೂತ ಹಂಗಾಗುತ್ತೆ. ಬಚ್ಚಲೊಲೆ ಮೇಲೆ ಒಣಗಿಸ್ತೀನಿ ಅಂದಿದೀರಿ, ಮಸಿ ಕೂರುತ್ತೆ, ಥಿನ್ನರ್ ಆವಿಗೆ ಬೆಂಕಿನೂ ಹತ್ತುತ್ತೆ. ಹಳೇ ಬಣ್ಣ ಕೆರೆದಿಟ್ಕೊಳ್ಳಿ, ಉಳಿದಿದ್ದು ದೀಪಾವಳಿ ಕಳೀಲಿ. ಅಲ್ಲೀವರೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯೋ ದಿನ ಆ ಬ್ಯಾಟ್ರಿ ತೋಟಕ್ಕೆ ಒಯ್ಯಬೇಡಿ, ಮೈಲುತುತ್ತದ ತಾಮ್ರ ಬರೀ ಅಲ್ಯೂಮಿನಿಯಂಗೆ ತಾಗಿದ್ರೆ ಗುಳಿ ಬೀಳುತ್ತೆ.